ಮೊದಲು ಚಿಕಿತ್ಸೆ, ಆಮೇಲೆ ವಿಚಾರಣೆ

ಮಾದಕ ವಸ್ತು ಎಂದ ಕೂಡಲೇ ನಮ್ಮಲ್ಲಿ ಏಳುವ ಕೂಗು ಒಂದೇ: ‘ಒಳಗೆ ಹಾಕಿ’. 2020ರಲ್ಲಿ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣ ಹೊರಬಿದ್ದಾಗಲೂ ಟೀವಿ ಚರ್ಚೆ ಬಂಧನ, ಜಾಮೀನು, ಕೂದಲಿನ ಪರೀಕ್ಷೆಗಳ ಸುತ್ತಲೇ ಗಿರಕಿ ಹೊಡೆಯಿತು. ಸೇವಿಸಿದವನು ಎದೆ ಹಿಡಿದುಕೊಂಡು ಕುಸಿದರೆ ಏನು ಮಾಡಬೇಕೆಂಬ ಪ್ರಶ್ನೆ ಮೂಲೆಗೆ ಬಿತ್ತು. ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಗೆ ಬೇಕಿರುವುದು ಆ ಪ್ರಶ್ನೆಗೆ ಉತ್ತರ.

ಅದು ಬೆಂಗಳೂರಿನ ಪಿಡುಗು, ನಮ್ಮೂರಿಗೇನು ಎನ್ನುವವರಿದ್ದಾರೆ. ಆದರೆ ಹೀಗೆ ಕುಸಿಯುವಂತೆ ಮಾಡುವ ಉತ್ತೇಜಕ ವಸ್ತುವೆಂದರೆ ಕೊಕೇನ್, ಎಂಡಿಎಂಎ ಅಷ್ಟೇ ಅಲ್ಲ. ಶಸ್ತ್ರಚಿಕಿತ್ಸೆಯ ವೇಳೆ ಕುಸಿದ ರಕ್ತದೊತ್ತಡ ಏರಿಸಲು ಕೊಡುವ ಮೆಫೆಂಟರ್ಮೈನ್ ಇಂಜೆಕ್ಷನ್ನನ್ನು ಜಿಮ್ ಹುಡುಗರು ‘ಸ್ಟ್ಯಾಮಿನಾ’ಕ್ಕೆಂದು ಚುಚ್ಚಿಕೊಳ್ಳುವುದನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿ ಅದು. ಅದರ ದುರ್ಬಳಕೆಗೆ ಮಹಾನಗರ ಬೇಕಿಲ್ಲ. ನಿಯಮ ಮುರಿಯುವ ಒಂದು ಮೆಡಿಕಲ್ ಶಾಪ್ ಸಾಕು.

ಉತ್ತೇಜಕ ಮಿತಿಮೀರಿದರೆ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಹೃದಯದ ಬಡಿತ ಹದ ತಪ್ಪುತ್ತದೆ. ಇಪ್ಪತ್ತೆರಡರ ಹುಡುಗನಿಗೂ ಹೃದಯಾಘಾತವಾಗಬಹುದು, ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿಸಿ ಮಲಗಿಸುವ ಎದೆನೋವು ಹೃದಯಾಘಾತವೇ ಆಗಿರಬಹುದು. ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಸ್ನಾಯುಗಳು ಒಡೆದು ಮೂತ್ರಪಿಂಡ ಕೆಡುವ ಭಯ. ಇದು ಸೋಂಕಿನ ಜ್ವರವಲ್ಲ, ಪ್ಯಾರಸಿಟಮಾಲ್‌ಗೆ ಇಳಿಯುವುದಿಲ್ಲ. ಜಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಅಪಾಯ ಇನ್ನಷ್ಟು.

ಮಿತಿಮೀರಿದ ಉತ್ತೇಜಕಕ್ಕೆ ಪ್ರತಿಮದ್ದಿಲ್ಲ; ಆದರೆ ಚಿಕಿತ್ಸೆ ಇದೆ. ಉದ್ರೇಕ, ಫಿಟ್ಸ್ ತಡೆಯಲು ಡಯಾಜೆಪಾಮ್ ಅಥವಾ ಲೋರಾಜೆಪಾಮ್ ಇಂಜೆಕ್ಷನ್, ಮೈ ತಣಿಸಲು ತಣ್ಣೀರು, ಐಸು, ಫ್ಯಾನು. ಜೊತೆಗೆ ಡ್ರಿಪ್, ಇಸಿಜಿ. ಇವೂ, ಇವನ್ನು ಬಳಸಬಲ್ಲ ಸಿಬ್ಬಂದಿಯೂ ಪ್ರತಿ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಇರಲೇಬೇಕು. ಮೈ ಸುಡುತ್ತಿರುವವನನ್ನು ಹಾಗೆಯೇ ದಾವಣಗೆರೆಗೋ ಶಿವಮೊಗ್ಗಕ್ಕೋ ರೆಫರ್ ಮಾಡಿ ಕೈತೊಳೆದುಕೊಳ್ಳುವುದು ಚಿಕಿತ್ಸೆಯಲ್ಲ. ತಣಿಸಿ, ಫಿಟ್ಸ್ ನಿಲ್ಲಿಸಿ ಕಳಿಸಬೇಕು.

ಆದರೆ ಕುಸಿದವನನ್ನು ಆಸ್ಪತ್ರೆಯ ಬಾಗಿಲವರೆಗೂ ಬರಲು ಬಿಡದಿರುವುದು ಪೊಲೀಸ್ ಕೇಸಿನ ಭಯ. ಆ ಭಯಕ್ಕೆ ಜೊತೆಗಿದ್ದವರು ತೋಟದ ಮನೆಯಲ್ಲೇ ನಿಂಬೆರಸ ಕುಡಿಸುತ್ತ ಕೂತರೆ ಹೊತ್ತು ಮೀರುತ್ತದೆ. ಪೊಲೀಸ್ ವಿಧಿವಿಧಾನಕ್ಕೆ ಕಾಯದೆ ಜೀವ ಉಳಿಸುವುದು ಪ್ರತಿ ವೈದ್ಯರ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವ್ಯಸನದ ಚಿಕಿತ್ಸೆ ಪಡೆಯುವವರಿಗೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಕರೆತಂದ ಗೆಳೆಯನ ಬಗ್ಗೆ ಆ ಕಲಂ ಮೌನವಾಗಿದೆ. ಅಪಘಾತದ ಗಾಯಾಳುವಿಗೆ ನೆರವಾದವರ ರಕ್ಷಣೆಗೆ 2016ರಲ್ಲೇ ಮಸೂದೆ ಅಂಗೀಕರಿಸಿದ ಕರ್ನಾಟಕ ಇಲ್ಲಿಯೂ ದಾರಿ ತೋರಿಸಬೇಕು.

ಹೀಗೆ ಸಡಿಲ ಬಿಟ್ಟರೆ ಚಟ ಹೆಚ್ಚುವುದಿಲ್ಲವೇ ಎಂಬ ಹೆತ್ತವರ ಆತಂಕ ನಿಜವಾದದ್ದು. ಮಾರುವವನಿಗೆ ಕಾನೂನು ಕಠಿಣವಾಗಿಯೇ ಇರಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ತುರ್ತು ಚಿಕಿತ್ಸಾ ಕೊಠಡಿ ಠಾಣೆಯ ವಿಸ್ತರಣೆಯಾದರೆ ಬಲಿಯಾಗುವವನು ಮಾರಿದವನಲ್ಲ, ನಮ್ಮ ಮಗ. ಬದುಕುಳಿದವನು ಮಾತ್ರ ಚಟ ಬಿಡಬಲ್ಲ.

ಯಾರಾದರೂ ಹೀಗೆ ಕುಸಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಒದ್ದೆಬಟ್ಟೆಯಿಂದ ಒರೆಸಿ ಗಾಳಿ ಹಾಕಿ. ಬೋರಲು ಹಾಕಿ ಅದುಮಬೇಡಿ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ. ಕೈಗೆ ಕೀಲಿಕೈ, ಬಾಯಿಗೆ ಚಮಚ ಬೇಡ. ಏನು ತೆಗೆದುಕೊಂಡಿದ್ದ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ. ಚೇತರಿಸಿಕೊಂಡ ಮೇಲೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿಸಿ. ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಡಿ, ಮೊದಲು ಜೀವ ಉಳಿಸಿ.