ಕಾವೇರಿಯನ್ನು ಮತ್ತೆ ಕೆಡವಿದ್ದು ಯಾವುದು?

ಮುಂಬಯಿ, ಠಾಣೆಗಳ ಕನ್ನಡಿಗರಿಗೆ ಒಂದು ಮಾತು ಚಿರಪರಿಚಿತ. ಯಾರಾದರೂ ತಲೆಬುಡವಿಲ್ಲದೆ ಮಾತನಾಡಿದರೆ ‘ಇವನನ್ನು ಠಾಣೆಗೆ ಕಳಿಸಬೇಕು’ ಎನ್ನುತ್ತಾರೆ. ಠಾಣೆಯಲ್ಲಿಯೇ ಮನೆ ಮಾಡಿಕೊಂಡಿರುವ ನಾವೂ ಅದಕ್ಕೆ ನಗುತ್ತೇವೆ. ವಾಗ್ಳೆ ಎಸ್ಟೇಟಿನ ಬಳಿ 1901ರಿಂದ ಇರುವ ಮನೋರುಗ್ಣಾಲಯವು ಊರಿನ ಹೆಸರಿಗೆ ಅಂಟಿಸಿದ ಅರ್ಥವದು. ನಾಡಿನಲ್ಲಾದರೆ ಇದೇ ಮಾತಿಗೆ ಧಾರವಾಡವುಂಟು, ನಿಮ್ಹಾನ್ಸ್ ಉಂಟು. ಆದರೆ ಈ ಹಾಸ್ಯವೆಲ್ಲವೂ ಕಳಿಸುವುದನ್ನು ಕುರಿತದ್ದು. ಅಲ್ಲಿಂದ ಗುಣಹೊಂದಿ ಮನೆಗೆ ಮರಳುವವರ ಬಗ್ಗೆ ನಮ್ಮ ಆಡುಮಾತಿನಲ್ಲಿ ಒಂದು ನುಡಿಯೂ ಇಲ್ಲ.

ಹಾಗೆ ಮರಳಿದವಳೊಬ್ಬಳ ಕಥೆಯನ್ನು ಬರೆದವರು ತ್ರಿವೇಣಿ. ಕಳೆದ ತಿಂಗಳು ನಮ್ಮ ಬಳಗದ ಓದಿಗೆ ‘ಶರಪಂಜರ’ವನ್ನು ಆರಿಸಿಕೊಂಡಿದ್ದೆವು. ಚರ್ಚೆಯೆಲ್ಲ ಒಂದು ಪ್ರಶ್ನೆಗೆ ಬಂದು ನಿಂತಿತು: ಆಸ್ಪತ್ರೆಯಿಂದ ಗುಣಮುಖಳಾಗಿ ಬಂದ ಕಾವೇರಿ ಮತ್ತೆ ಕುಸಿದದ್ದೇಕೆ? ಸೇರಿದ್ದವರಲ್ಲಿ ಹೆಚ್ಚಿನವರ ಉತ್ತರ ಸಿದ್ಧವಾಗಿತ್ತು. ಗಂಡನಿಗೆ ಪರಸ್ತ್ರೀಯ ಸಂಬಂಧವಿರುವುದು ಅವಳಿಗೆ ತಿಳಿಯಿತು, ಆ ಆಘಾತವನ್ನು ಅವಳು ತಾಳಲಿಲ್ಲ. ಈ ಉತ್ತರ ತಪ್ಪಲ್ಲ. ಆದರೆ ಇದು ಎಲ್ಲರಿಗೂ ಅನುಕೂಲವಾದ ಉತ್ತರವೆಂದು ನಮಗೆ ತೋರುತ್ತದೆ. ತಪ್ಪನ್ನೆಲ್ಲ ಸತೀಶನೊಬ್ಬನ ತಲೆಗೆ ಕಟ್ಟಿದರೆ ಉಳಿದವರೆಲ್ಲ ಪಾರಾಗುತ್ತಾರೆ, ಓದುಗರಾದ ನಾವೂ ಪಾರಾಗುತ್ತೇವೆ.

ತ್ರಿವೇಣಿ ಮನಶ್ಶಾಸ್ತ್ರವನ್ನು ಓದಿಕೊಂಡಿದ್ದವರು. ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಬಲ್ಲವರಿಗೆ, ಮನಸ್ಸು ಕೆಡುವ ಬಗೆಯನ್ನು ಆಕೆ ಎಷ್ಟು ಹತ್ತಿರದಿಂದ ನೋಡುತ್ತಿದ್ದರೆಂಬುದು ಗೊತ್ತು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡರು. ನಮ್ಮ ಅಜ್ಜಿಯರು ‘ಬಾಣಂತಿ ಸನ್ನಿ’ ಎಂದು ಕರೆದು, ಬಾಗಿಲು ಮುಚ್ಚಿ, ಮರೆಮಾಡುತ್ತಿದ್ದ ಕಾಯಿಲೆಯನ್ನು ಕಾದಂಬರಿಯ ನಡುಮನೆಗೆ ತಂದು ಕೂರಿಸಿದವರು ಆಕೆ. ಎರಡನೆಯ ಹೆರಿಗೆಯ ಅನಂತರ ಕಾವೇರಿಯ ಮನಸ್ಸು ಕಲಕುತ್ತದೆ. ಮದುವೆಗೆ ಮುಂಚಿನ, ಅದುಮಿಟ್ಟಿದ್ದ ಗಾಯವೊಂದು ಮೇಲೆದ್ದು ಬರುತ್ತದೆ. ಆದರೆ ಕಾದಂಬರಿಯ ತಿರುಳಿರುವುದು ಆ ಕಾಯಿಲೆಯಲ್ಲಿ ಅಲ್ಲ, ಗುಣವಾದ ಮೇಲಿನ ದಿನಗಳಲ್ಲಿ.

ಇದನ್ನು ಓದುತ್ತಿದ್ದಾಗ ನಮಗೆ ಎಂ.ಎ. ತರಗತಿಯ ಕಾಲದಲ್ಲಿ ಓದಿದ ಇನ್ನೊಂದು ಮರುಕುಸಿತ ನೆನಪಾಯಿತು. ಡಿಕನ್ಸನ ‘ಎ ಟೇಲ್ ಆಫ್ ಟೂ ಸಿಟೀಸ್’ (1859) ಕಾದಂಬರಿಯ ಡಾಕ್ಟರ್ ಮ್ಯಾನೆಟ್ ಹದಿನೆಂಟು ವರ್ಷ ಬಾಸ್ಟೀಲ್ ಸೆರೆಮನೆಯಲ್ಲಿ ಕೊಳೆತವನು. ಅಲ್ಲಿ ಬುದ್ಧಿ ಉಳಿಸಿಕೊಳ್ಳಲು ಚಮ್ಮಾರನ ಕೆಲಸ ಕಲಿತ. ಬಿಡುಗಡೆಯಾದಾಗ ತನ್ನ ಹೆಸರನ್ನೇ ಮರೆತಿದ್ದ. ಮಗಳು ಲೂಸಿಯ ಆರೈಕೆಯಿಂದ ಚೇತರಿಸಿಕೊಂಡು ಲಂಡನ್ನಿನಲ್ಲಿ ಮತ್ತೆ ವೈದ್ಯನಾದ. ಲೂಸಿಯ ಮದುವೆಯ ದಿನ ಬೆಳಿಗ್ಗೆ ಅಳಿಯನಾಗುವವನು ಕೋಣೆಯ ಬಾಗಿಲು ಮುಚ್ಚಿ ತನ್ನ ನಿಜವಾದ ಹೆಸರನ್ನು ಅವನಿಗೆ ತಿಳಿಸುತ್ತಾನೆ. ತನ್ನನ್ನು ಸೆರೆಗೆ ನೂಕಿದ ಮನೆತನದ ಹೆಸರೇ ಅದು. ಮದುಮಕ್ಕಳು ಪ್ರಯಾಣ ಹೊರಟ ಒಂದೆರಡು ಗಂಟೆಗಳಲ್ಲಿ ಆ ಮನೆಯಿಂದ ಸುತ್ತಿಗೆಯ ಸದ್ದು ಕೇಳಿಸುತ್ತದೆ. ಡಾಕ್ಟರು ಹಳೆಯ ಮಣೆಯ ಮೇಲೆ ಕುಳಿತು ಮತ್ತೆ ಜೋಡು ಹೊಲಿಯುತ್ತಿದ್ದಾನೆ.

ಪರೀಕ್ಷೆಗೆ ನಾವು ಬರೆದ ಉತ್ತರ ಅಷ್ಟೇ: ಹೆಸರು ಕೇಳಿದ, ಕುಸಿದ. ಈಗ ಮತ್ತೆ ಓದಿದಾಗ ಗಮನ ಹೋದದ್ದು ಅನಂತರದ ಒಂಬತ್ತು ದಿನಗಳ ಕಡೆಗೆ. ಬ್ಯಾಂಕಿನ ಮುದುಕ ಲಾರಿ ಜೀವಮಾನದಲ್ಲೇ ಮೊದಲ ಸಲ ರಜೆ ಹಾಕಿ ಅದೇ ಕೋಣೆಯಲ್ಲಿ ಬಂದು ಕೂರುತ್ತಾನೆ. ಮೊದಲ ದಿನ ಮಾತನಾಡಿಸಲು ನೋಡಿ, ಪ್ರಯೋಜನವಿಲ್ಲವೆಂದು ತಿಳಿದು ಸುಮ್ಮನಾಗುತ್ತಾನೆ. ಕಿಟಕಿಯ ಬಳಿ ಕುಳಿತು ಓದುತ್ತಾನೆ, ಬರೆಯುತ್ತಾನೆ. ಇದು ಸೆರೆಮನೆಯಲ್ಲ ಎಂಬುದು ತನ್ನ ನಡೆವಳಿಕೆಯಿಂದಲೇ ತಿಳಿಯುವಂತೆ ಇರುತ್ತಾನೆ. ಮಿಸ್ ಪ್ರಾಸ್ ಆಗಾಗ ಒಳಗೆ ಬಂದು ಲೂಸಿಯ ವಿಷಯವನ್ನು ಎಂದಿನಂತೆ ಮಾತನಾಡಿ ಹೋಗುತ್ತಾಳೆ. ಹೊರಗಿನವರಿಗೆ ಸುದ್ದಿಯಿಲ್ಲ. ಹತ್ತನೆಯ ಬೆಳಿಗ್ಗೆ ಮಣೆ ಒಂದು ಕಡೆಗೆ ಸರಿದಿದೆ, ಡಾಕ್ಟರು ಪುಸ್ತಕ ಓದುತ್ತಿದ್ದಾನೆ. ಆಗಲೂ ಲಾರಿ ನೇರವಾಗಿ ಕೇಳುವುದಿಲ್ಲ. ಇನ್ನಾರೋ ಸ್ನೇಹಿತನ ಕಾಯಿಲೆಯೆಂಬಂತೆ ವಿವರಿಸಿ, ವೈದ್ಯನಾದ ಅವನ ಸಲಹೆಯನ್ನೇ ಬೇಡುತ್ತಾನೆ. ರೋಗಿ ತನ್ನ ಕಾಯಿಲೆಯ ಬಗ್ಗೆ ತಾನೇ ಅಭಿಪ್ರಾಯ ಹೇಳುತ್ತಾನೆ: ಒಂದು ದಿನ ಇದು ಬಂದೇ ಬರುವುದೆಂಬ ಭಯ ಬಹುಕಾಲದಿಂದ ಒಳಗಿತ್ತು, ಎದುರಿಸಲು ಸಿದ್ಧನಾಗಬೇಕೆಂದು ಪಟ್ಟ ಶ್ರಮವೇ ಅವನನ್ನು ಇನ್ನಷ್ಟು ದುರ್ಬಲಗೊಳಿಸಿರಬಹುದು.

ಮ್ಯಾನೆಟ್ಟನನ್ನು ಕೆಡವಿದ್ದು ಹೆಸರು, ನಿಜ. ಎಬ್ಬಿಸಿದ್ದು ಮಾತ್ರ ಅವನನ್ನು ರೋಗಿಯೆಂದು ದಿಟ್ಟಿಸದ ಇಬ್ಬರು.

ಕಾವೇರಿಗೆ ಒಬ್ಬ ಲಾರಿ ಇರಲಿಲ್ಲ. ವೈದ್ಯರು ಗುಣವಾಗಿದೆಯೆಂದು ಹೇಳಿ ಕಳಿಸಿದರೂ ಮನೆ ಅದನ್ನು ನಂಬಲಿಲ್ಲ. ಗಂಡ ಹತ್ತಿರ ಬರಲು ಅಂಜುತ್ತಾನೆ. ನೆರೆಹೊರೆಯ ಕಣ್ಣುಗಳಲ್ಲಿ ಕನಿಕರಕ್ಕಿಂತ ಕುತೂಹಲವೇ ಹೆಚ್ಚು. ಒಮ್ಮೆ ಈ ಹಣೆಪಟ್ಟಿ ಬಿದ್ದವಳು ಜೋರಾಗಿ ನಕ್ಕರೆ ಅದು ಲಕ್ಷಣ, ಸುಮ್ಮನಿದ್ದರೆ ಅದೂ ಲಕ್ಷಣ, ಕೋಪ ಬಂದರಂತೂ ಕೇಳುವುದೇ ಬೇಡ. ಬೇರೆ ಹೆಂಗಸಾಗಿದ್ದರೆ ಗಂಡನ ವಂಚನೆ ತಿಳಿದ ದಿನ ಕೂಗಾಡುವ, ಅಳುವ, ತವರಿಗೆ ಹೊರಡುವ ಹಕ್ಕು ಅವಳಿಗಿರುತ್ತಿತ್ತು. ಕಾವೇರಿಯ ನ್ಯಾಯವಾದ ಸಿಟ್ಟೂ ಹುಚ್ಚಿನ ಲೆಕ್ಕಕ್ಕೇ ಸೇರುತ್ತದೆ. ಅವಳ ಪಾಲಿಗೆ ಉಳಿದಿದ್ದದ್ದು ಆ ಒಂದೇ ಭಾಷೆ. ಅವಳು ಅದನ್ನೇ ಆಡಿದಳು. ಸತೀಶನ ಸಂಬಂಧ ಕೊನೆಯ ಬಾಣ. ಹೆಸರಿನಲ್ಲಿರುವುದು ಒಂದು ಬಾಣವಲ್ಲ, ಬಾಣಗಳ ಪಂಜರ ಎಂಬುದನ್ನು ನಾವು ಮರೆಯುತ್ತೇವೆ.

ಮರೆಯಲು ಪುಟ್ಟಣ್ಣ ಕಣಗಾಲರ ಚಿತ್ರವೂ ಒಂದಿಷ್ಟು ಕಾರಣವಿರಬಹುದು. ಕಲ್ಪನಾ ಅವರ ಅಭಿನಯದ ಬಿರುಸು ಅಂಥದು. ಕಣ್ಣಲ್ಲಿ ಉಳಿಯುವುದು ಸ್ಫೋಟ, ಅದಕ್ಕೆ ಮೊದಲಿನ ನಿಧಾನವಾದ ಹಿಂಸೆಯಲ್ಲ. ಇದು ಚಿತ್ರದ ಮೇಲಿನ ದೂರಲ್ಲ.

ಇನ್ನೂ ಒಂದು ವ್ಯತ್ಯಾಸವಿದೆ. ಕ್ರಾಂತಿಯ ಪ್ಯಾರಿಸಿನಲ್ಲಿ ಬಾಸ್ಟೀಲಿನಲ್ಲಿದ್ದವನೆಂಬುದೇ ಮ್ಯಾನೆಟ್ಟನಿಗೆ ಗೌರವ ತರುತ್ತದೆ, ಜನ ದಾರಿ ಬಿಡುತ್ತಾರೆ. ಆಸ್ಪತ್ರೆಯಲ್ಲಿದ್ದಳೆಂಬುದು ಕಾವೇರಿಗೆ ಕಳಂಕ. ಇಬ್ಬರೂ ತಾವು ಮಾಡದ ತಪ್ಪಿಗೆ ಮುಚ್ಚಿದ ಬಾಗಿಲುಗಳ ಹಿಂದೆ ಇದ್ದು ಬಂದವರೇ.

ತ್ರಿವೇಣಿ ಬರೆಯುತ್ತಿದ್ದ ಕಾಲದಲ್ಲಿಯೇ, 1950ರ ದಶಕದ ಕೊನೆಗೆ, ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞ ಮತ್ತು ಅವನ ಸಂಗಡಿಗರು ಮಾನಸಿಕ ಆಸ್ಪತ್ರೆಯಿಂದ ಹೊರಬಂದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಗಮನಿಸಿದರು. ತಂದೆತಾಯಿಯ ಅಥವಾ ಹೆಂಡತಿಯ ಬಳಿಗೆ ಮರಳಿದವರಿಗಿಂತ ಬಾಡಿಗೆ ಕೋಣೆಗೋ ಒಡಹುಟ್ಟಿದವರಲ್ಲಿಗೋ ಹೋದವರು ಮೇಲಾಗಿದ್ದರು. ಮನೆಯವರ ಟೀಕೆ, ಹಗೆ, ಅತಿಯಾದ ಕಾಳಜಿ ಇವು ಕಾಯಿಲೆಯನ್ನು ಮರಳಿ ಕರೆಯುತ್ತವೆಂಬುದು ಮುಂದಿನ ಅಧ್ಯಯನಗಳಿಂದ ಸ್ಪಷ್ಟವಾಯಿತು. ಕಾವೇರಿಯ ಕಾಯಿಲೆ ಬೇರೆ, ಆದರೂ ಈ ಮಾತು ಅವಳ ಮನೆಗೆ ಒಪ್ಪುತ್ತದೆ. 1980ರ ದಶಕದಲ್ಲಿ ಚಂಡೀಗಢದಲ್ಲಿ ನೋಡಿದಾಗ ಭಾರತದ ಮನೆಗಳಲ್ಲಿ ಅಂಥ ಟೀಕೆ ಲಂಡನ್ನಿಗಿಂತ ಕಡಿಮೆಯೆಂದು ಕಂಡಿತು. ಓದಿ ಸಂತೋಷಪಟ್ಟೆವು, ಆಮೇಲೆ ಸ್ವಲ್ಪ ಅನುಮಾನವೂ ಬಂತು. ಅಳೆದದ್ದು ಮನೆಯವರು ಆಡಿದ ಮಾತನ್ನು, ಆಡಿದ ದನಿಯನ್ನು. ನಮ್ಮ ಕಡೆ ಟೀಕೆ ಬಾಯಿಗೆ ಬರುವ ಮೊದಲು ಕಣ್ಣಿಗೆ ಬರುತ್ತದೆ.

ಕೇಂದ್ರ ಸರ್ಕಾರದ ನೌಕರರಿಗೆ ಒಂದು ರಜೆ ನಿಯಮವಿದೆ: ಕಾಯಿಲೆಯ ರಜೆಯಿಂದ ಮರಳುವಾಗ ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್ ಒಪ್ಪಿಸಿ ಕುರ್ಚಿಯಲ್ಲಿ ಕೂರಬೇಕು. ಅಲ್ಲಿಗೆ ಮುಗಿಯಿತು, ಮೇಜಿಗೆ ಫೈಲು ಬರತೊಡಗುತ್ತದೆ. ಕಾಗದವನ್ನು ನಂಬುವ ಕಚೇರಿಯ ಗುಣವನ್ನು ಎಷ್ಟೋ ಸಲ ಹಳಿದಿದ್ದೇವೆ. ಈ ಒಂದು ವಿಷಯದಲ್ಲಿ ಅದು ಮನೆಗಿಂತ ವಾಸಿ. 2017ರ ಮಾನಸಿಕ ಆರೋಗ್ಯ ಕಾಯಿದೆಯು, ಮನೆಯವರು ಒಪ್ಪುವುದಿಲ್ಲವೆಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಕೂಡದೆನ್ನುತ್ತದೆ. ಒಳ್ಳೆಯ ಕಾನೂನು. ಆದರೆ ಮನೆಯೊಳಗೆ ಕರೆದುಕೊಂಡವರು ಹೇಗೆ ನೋಡಬೇಕೆಂದು ಯಾವ ಕಾನೂನು ಹೇಳೀತು? ಡೊಂಬಿವಲಿಯ ಒಂದು ಕೋಣೆ-ಅಡುಗೆಮನೆಯ ಬಿಡಾರದಲ್ಲಿ ಗೋಡೆಯಾಚೆಯವರಿಗೂ ಉಸಿರು ಕೇಳಿಸುತ್ತದೆ.

ಸಭೆಯಲ್ಲಿ ನಾವು ಹೇಳದೆ ಉಳಿಸಿಕೊಂಡದ್ದು ಒಂದಿದೆ. ನಮ್ಮ ಬಳಗದವರೇ ಒಬ್ಬರು ಕೆಲಕಾಲ ಚಿಕಿತ್ಸೆಯಲ್ಲಿದ್ದು ಮರಳಿ ಬಂದಿದ್ದರು. ಅಂದು ಒಬ್ಬರು ಹರಟೆಯೊಂದನ್ನು ಓದುತ್ತಿದ್ದಾಗ ಆಕೆ ಎಲ್ಲರಿಗಿಂತ ಕೊಂಚ ಜೋರಾಗಿ, ಕೊಂಚ ಹೆಚ್ಚು ಹೊತ್ತು ನಕ್ಕರು. ನಾವು ಮೂವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಹರಟೆ ನಿಜಕ್ಕೂ ಚೆನ್ನಾಗಿತ್ತು. ಆಕೆ ನಮ್ಮನ್ನು ಕಂಡರು, ನಗು ನಿಲ್ಲಿಸಿದರು, ಮುಂದಿನ ತಿಂಗಳಿನಿಂದ ಬರಲಿಲ್ಲ. ‘ಶರಪಂಜರ’ದ ಚರ್ಚೆಯಲ್ಲಿ ಸತೀಶನನ್ನು ಅತ್ಯಂತ ಕಟುವಾಗಿ ಖಂಡಿಸಿದವರು ಆ ಮೂವರೇ.

ಈ ವಾರ ಆಕೆಗೆ ಫೋನು ಮಾಡುವುದೆಂದು ತೀರ್ಮಾನಿಸಿದ್ದೇವೆ. ‘ಈಗ ಹೇಗಿದ್ದೀರಿ’ ಎಂದು ಕೇಳಕೂಡದು. ಮುಂದಿನ ತಿಂಗಳ ಪುಸ್ತಕ ಯಾವುದೆಂದು ತಿಳಿಸಿ, ಮೊದಲ ಅಧ್ಯಾಯವನ್ನು ಓದಲು ಬರುವಿರಾ ಎಂದಷ್ಟೇ ಕೇಳಬೇಕು.