ಕೂಟ ನಮ್ಮದು, ತಾಣದ ಖಾತೆ ಯಾರದು?



"ವೆಬ್‌ಸೈಟ್ ಯಾಕೆ ಬೇಕು ಸಾರ್? ಫೇಸ್‌ಬುಕ್ ಪೇಜ್ ಇದೆಯಲ್ಲ, ವಾಟ್ಸ್‌ಆಪ್ ಗ್ರೂಪ್ ಇದೆಯಲ್ಲ?" ನ್ಯೂಜೆರ್ಸಿ ಕಡೆಯ ಕನ್ನಡ ಕಾರ್ಯಕ್ರಮಗಳಲ್ಲಿ ಈ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಹೇಳುವವರು ಯಾರು ಗೊತ್ತೆ? ಹಗಲೆಲ್ಲ ದೊಡ್ಡ ದೊಡ್ಡ ಬ್ಯಾಂಕು, ಔಷಧ ಕಂಪನಿಗಳ ಸರ್ವರ್ ಕಾಯುವವರು! ಆಫೀಸಿನಲ್ಲಿ ಬ್ಯಾಕಪ್ ಇಲ್ಲದೆ ಒಂದು ಫೈಲನ್ನೂ ಮುಟ್ಟದ ಮಂದಿ, ಕನ್ನಡದ ವಿಷಯ ಬಂದ ಕೂಡಲೇ ಇದ್ದಬದ್ದದ್ದನ್ನೆಲ್ಲ ಯಾರದೋ ಮನೆಯ ಜಗಲಿಯ ಮೇಲಿಟ್ಟು ನಿಶ್ಚಿಂತೆಯಿಂದ ಮಲಗುತ್ತಾರೆ.

ಜಗಲಿಯ ಯಜಮಾನ ಬಾಗಿಲು ಹಾಕಿಕೊಂಡರೆ? ಹಾಕಿಕೊಂಡಿದ್ದಾನೆ, ಒಂದಲ್ಲ ಮೂರು ಸಲ. 2009ರ ಅಕ್ಟೋಬರಿನಲ್ಲಿ ಯಾಹೂ ತನ್ನ ಜಿಯೋಸಿಟೀಸ್ ಮುಚ್ಚಿತು. 2014ರ ಸೆಪ್ಟೆಂಬರಿನಲ್ಲಿ ಗೂಗಲ್ ಆರ್ಕುಟ್ ಮುಚ್ಚಿತು. 2019ರ ಕೊನೆಗೆ ಯಾಹೂ ಗ್ರೂಪ್ಸಿನ ಹಳೆಯ ಪತ್ರ, ಫೋಟೋಗಳನ್ನೆಲ್ಲ ತೆಗೆಯುತ್ತೇವೆ ಎಂದರು, 2020ರ ಡಿಸೆಂಬರಿನಲ್ಲಿ ಗ್ರೂಪ್ಸೇ ಇಲ್ಲವಾಯಿತು. ಹೊರನಾಡ ಕನ್ನಡಿಗರು ಮೊದಲ ಸಲ ಇಂಟರ್‌ನೆಟ್ಟಿನಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡ ಎಷ್ಟೋ ಮಾತುಕತೆ ಅದರ ಜೊತೆಯಲ್ಲೇ ಹೋಯಿತು. ಯಾರನ್ನು ದೂರೋಣ? ಅವರ ಜಗಲಿ, ಅವರಿಷ್ಟ. ಪುಕ್ಕಟೆ ಕೊಟ್ಟವರ ಬಳಿ ನ್ಯಾಯ ಕೇಳಲು ಬರುವುದಿಲ್ಲ.

ಸ್ವಂತ ತಾಣ ಇದ್ದವರ ಕಥೆ ಚೆನ್ನಾಗಿದೆಯೇ ಎಂದರೆ ಅದೂ ಇಲ್ಲ. ಒಂದು ಕೂಟದ ಕಥೆ ಕೇಳಿ, ಹೆಸರು ಬೇಡ. ಡೊಮೇನ್ ಹಳೆಯ ಕಾರ್ಯದರ್ಶಿಯ ಸ್ವಂತ ಈಮೇಲಿನಲ್ಲಿ, ಅವರ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಇತ್ತು. ಅವರು ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋದರು, ಕಾರ್ಡಿನ ಅವಧಿ ಮುಗಿಯಿತು, ಹೆಸರು ಕೈತಪ್ಪಿತು. ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಆ ವಿಳಾಸದಲ್ಲಿ ಜೂಜಿನ ಜಾಹೀರಾತು! ಹದಿನೈದು ವರ್ಷದ ಫೋಟೋ, ಮಕ್ಕಳು ಬರೆದ ಪ್ರಬಂಧ ಎಲ್ಲಿ ಎಂದರೆ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನಿರುವ ಮಾರಿಸ್‌ಟೌನಿನಲ್ಲಿ ಇದಕ್ಕೊಂದು ಹಳೆಯ ಪಾಠ ಇದೆ. ಇಲ್ಲಿನ ಸ್ಪೀಡ್‌ವೆಲ್ ಕಬ್ಬಿಣದ ಕಾರ್ಖಾನೆಯಲ್ಲಿ 1838ರ ಜನವರಿಯಲ್ಲಿ ಎರಡು ಮೈಲಿ ತಂತಿಯ ಮೇಲೆ ಟೆಲಿಗ್ರಾಫ್ ಸಂದೇಶ ಕಳಿಸಿ ತೋರಿಸಿದರು. ಯಂತ್ರ ಕಟ್ಟಿ ನಿಲ್ಲಿಸಿದ್ದು ಆ ಕಾರ್ಖಾನೆ ಯಜಮಾನರ ಮಗ ಆಲ್‌ಫ್ರೆಡ್ ವೇಲ್. ಖರ್ಚೂ ಆ ಮನೆಯದೇ. ಆದರೆ 1837ರಲ್ಲೇ ಆದ ಕರಾರಿನಂತೆ ಪೇಟೆಂಟ್ ಮಾತ್ರ ಮೋರ್ಸ್ ಹೆಸರಿಗೆ, ವೇಲ್‌ಗೆ ಸಿಕ್ಕಿದ್ದು ಒಂದು ಪಾಲು. ಇವತ್ತು ಮೋರ್ಸ್ ಕೋಡ್ ಗೊತ್ತಿಲ್ಲದವರಿಲ್ಲ. ವೇಲ್ ಯಾರೆಂದು ಈ ಊರಿನಲ್ಲೇ ಕೇಳಿ ನೋಡಿ. ಕಾಗದ ಯಾರ ಹೆಸರಿನಲ್ಲಿದೆ ಎಂಬುದು ಸಣ್ಣ ವಿಷಯ ಅಲ್ಲ ಸ್ವಾಮಿ!

ಹೊಸಬರಿಗೆ ಬೆಂಗಳೂರಿನ ಭಾಷೆಯಲ್ಲೇ ಹೇಳುತ್ತೇನೆ. ಡೊಮೇನ್ ಅಂದರೆ ಸೈಟಿನ ಖಾತೆ. ವರ್ಷ ವರ್ಷ ಕಂದಾಯ ಕಟ್ಟಬೇಕು, ಬಿಟ್ಟರೆ ಬೇರೆಯವರ ಪಾಲು. ಹೋಸ್ಟಿಂಗ್ ಅಂದರೆ ಬಾಡಿಗೆ ಮನೆ, ನಿಮ್ಮ ಪುಟ, ಫೋಟೋ ಎಲ್ಲ ಕೂತಿರುವ ಕಂಪ್ಯೂಟರು. ಈ ಹೆಸರಿನವರು ಈಗ ಯಾವ ಮನೆಯಲ್ಲಿದ್ದಾರೆ ಎಂದು ದಾರಿ ತೋರಿಸುವ ಪೋಸ್ಟ್‌ಮ್ಯಾನ್ ಡಿಎನ್‌ಎಸ್. ಮನೆ ಸರಿಬೀಳದಿದ್ದರೆ ಸಾಮಾನು ಎತ್ತಿಕೊಂಡು ಇನ್ನೊಂದು ಮನೆಗೆ ಹೋಗಿ, ಪೋಸ್ಟ್‌ಮ್ಯಾನ್‌ಗೆ ತಿಳಿಸಿದರಾಯಿತು. ಓದುವವರಿಗೆ ವಿಳಾಸ ಅದೇ. ಅದಕ್ಕೇ ನನ್ನ ಹಟ: ಖಾತೆ ಒಂದು ಕಂಪನಿಯಲ್ಲಿ ಇರಲಿ, ಮನೆ ಇನ್ನೊಂದು ಕಡೆ. "ಹೋಸ್ಟಿಂಗ್ ಕೊಂಡರೆ ಮೊದಲ ವರ್ಷ ಡೊಮೇನ್ ಫ್ರೀ" ಎನ್ನುವವರು ಎರಡನೆಯ ವರ್ಷದ ದರವನ್ನು ಎಲ್ಲಿ ಬರೆದಿದ್ದಾರೆಂದು ಭೂತಗನ್ನಡಿ ಹಿಡಿದು ನೋಡಿ.

ಖಾತೆ ಕೂಟದ ಹೆಸರಿಗೇ ಮಾಡಿಸಿ. ಪಾಸ್‌ವರ್ಡ್ ಇಬ್ಬರ ಬಳಿಯಾದರೂ ಇರಲಿ. ನೋಂದಣಿಗೆ ಕೊಡುವ ಈಮೇಲ್ ಅದೇ ಡೊಮೇನಿನದಾಗಿರಬಾರದು. ಡೊಮೇನ್ ನಿಂತ ದಿನ ಆ ಈಮೇಲೂ ನಿಲ್ಲುತ್ತದೆ, ಎಚ್ಚರಿಕೆ ಪತ್ರ ಯಾರಿಗೂ ತಲುಪುವುದಿಲ್ಲ. ಡಾಟ್ ಕಾಮ್ ಹೆಸರನ್ನು ಒಂದೇ ಸಲಕ್ಕೆ 10 ವರ್ಷದವರೆಗೆ ಕಟ್ಟಿಡಬಹುದು. ಖರ್ಚು? ಹೆಸರಿಗೆ ವರ್ಷಕ್ಕೆ ಹತ್ತಿಪ್ಪತ್ತು ಡಾಲರ್, ಚಿಕ್ಕ ತಾಣದ ಬಾಡಿಗೆ ತಿಂಗಳಿಗೆ ಕೆಲವು ಡಾಲರ್. ಬೀಗದ ಚಿಹ್ನೆಗೆ ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಬಿಟ್ಟಿಯಾಗಿ ಕೊಡುತ್ತದೆ, ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ. ಯುಗಾದಿ ಊಟದ ಹೋಳಿಗೆ ಬಿಲ್ಲಿನ ಪಕ್ಕದಲ್ಲಿ ಇದು ಯಾವ ಲೆಕ್ಕ?

ಇನ್ನು ಕನ್ನಡದ್ದೇ ಒಂದು ರೋಗ ಇದೆ: ಎಲ್ಲವನ್ನೂ ಚಿತ್ರ ಮಾಡಿ ಹಾಕುವುದು. ಕಾರ್ಯಕ್ರಮದ ವಿವರ ಚಿತ್ರ, ಅಧ್ಯಕ್ಷರ ಮಾತು ಚಿತ್ರ, ಪಾಪ ಮಕ್ಕಳ ಕವಿತೆಯೂ ಚಿತ್ರ! ಪವನಜ ಅವರು 1996ರಲ್ಲಿ ವಿಶ್ವಕನ್ನಡ ತಾಣ ತಂದಾಗ ಕನ್ನಡ ಅಕ್ಷರ ತೆರೆಯ ಮೇಲೆ ಮೂಡಿಸುವುದೇ ಒಂದು ಸಾಹಸ. ಇವತ್ತು ಪ್ರತಿ ಫೋನಿನಲ್ಲೂ ಯೂನಿಕೋಡ್ ಕನ್ನಡ ಇದೆ. ಅಕ್ಷರವನ್ನು ಅಕ್ಷರವಾಗಿಯೇ ಹಾಕಿದರೆ ಹತ್ತು ವರ್ಷದ ಮೇಲೂ ಹುಡುಕಿದವರಿಗೆ ಸಿಗುತ್ತದೆ. ಬರಹ, ನುಡಿಯ ಹಳೆಯ ಫಾಂಟಿನ ಕಡತಗಳಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಪುಟವೂ ಡೇಟಾಬೇಸೂ ಯುಟಿಎಫ್-8ರಲ್ಲಿರಲಿ. ಡೇಟಾಬೇಸ್ ಲ್ಯಾಟಿನ್-1ರಲ್ಲಿ ಉಳಿದುಬಿಟ್ಟರೆ ನಿಮ್ಮ ಲೇಖನ ಒಳಗೆ ಹೋದದ್ದು ಕನ್ನಡವಾಗಿ, ಹೊರಗೆ ಬರುವುದು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಯಾಗಿ. ಆಮೇಲೆ ಅದನ್ನು ಬ್ರಹ್ಮನೂ ಸರಿಮಾಡಲಾರ.

"ಹೋಸ್ಟಿಂಗ್ ಕಂಪನಿಯೂ ನಾಳೆ ಮುಚ್ಚಬಹುದಲ್ಲ?" ಖಂಡಿತ ಮುಚ್ಚಬಹುದು. ಅದಕ್ಕೇ ತಿಂಗಳಿಗೊಮ್ಮೆ ಇಡೀ ತಾಣದ ಪ್ರತಿ ಇಳಿಸಿ ಇಬ್ಬರ ಮನೆಯ ಡಿಸ್ಕಿನಲ್ಲಿಡಿ. ಹೆಸರು ನಿಮ್ಮದು, ಪ್ರತಿ ನಿಮ್ಮ ಕೈಯಲ್ಲಿ ಅಂದರೆ ಒಂದು ಶನಿವಾರದಲ್ಲಿ ಬೇರೆ ಮನೆಯಲ್ಲಿ ಒಲೆ ಹಚ್ಚಬಹುದು. ಆರ್ಕುಟ್ ಮುಚ್ಚಿದಾಗ ಹಾಗೆ ಮಾಡಲು ಆಯಿತೇ? ಫೇಸ್‌ಬುಕ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಡಂಗುರ ಸಾರಲು ಅದು ಒಳ್ಳೆಯ ಜಾಗ. ಡಂಗುರ ಸಾರುವ ಜಾಗದಲ್ಲೇ ಯಾರೂ ಕಣಜ ಕಟ್ಟುವುದಿಲ್ಲ, ಅಷ್ಟೇ.

ಮುಂದಿನ ಸಮಿತಿ ಸಭೆಯಲ್ಲಿ ಊಟದ ಮೆನು ಚರ್ಚೆಗೆ ಮುಂಚೆ ಎದ್ದು ನಿಂತು ಕೇಳಿ: ನಮ್ಮ ಡೊಮೇನ್ ಯಾರ ಹೆಸರಿನಲ್ಲಿದೆ, ಯಾವ ತಾರೀಕಿಗೆ ಮುಗಿಯುತ್ತದೆ? ಉತ್ತರ ಗೊತ್ತಿಲ್ಲ ಎಂದರೆ ಅಲ್ಲೇ, ಆಗಲೇ, ಲ್ಯಾಪ್‌ಟಾಪ್ ತೆಗೆಸಿ ನೋಡಿಸಿ. ಹತ್ತು ನಿಮಿಷದ ಕೆಲಸ.