ಹೊತ್ತಿಗೆ ಬರುವ ಸಂದೇಶ ಹದಕ್ಕೂ ಬರಲಿ

ನಮ್ಮ ಹಳ್ಳಿಗಳಿಗೆ ನೆನಪಿಸುವವರ ಕೊರತೆ ಎಂದೂ ಇರಲಿಲ್ಲ. ಕಾಲುವೆಗೆ ನೀರು ಬಿಡುವ ದಿನ, ದನಗಳಿಗೆ ಸೂಜಿ ಹಾಕುವ ದಿನ, ಕಂದಾಯ ಕಟ್ಟುವ ಕಡೆಯ ದಿನ ಇವೆಲ್ಲ ಡಂಗುರದ ಸದ್ದಿನೊಂದಿಗೆ ಓಣಿ ಓಣಿಗೂ ತಲುಪುತ್ತಿದ್ದವು. ಕಾರಹುಣ್ಣಿಮೆ ಮುಂಗಾರಿನ ಹೊಸ್ತಿಲನ್ನು ನೆನಪಿಸಿದರೆ, ಎಳ್ಳ ಅಮಾವಾಸ್ಯೆಯ ಚರಗ ಹಿಂಗಾರಿ ಪೈರಿನ ನಡುವೆ ಒಮ್ಮೆ ತಿರುಗಾಡಿ ಬರುವಂತೆ ಮಾಡುತ್ತಿತ್ತು. ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ ಬದಲಾಗುವ ಮಳೆ ನಕ್ಷತ್ರಗಳಂತೂ ರೈತನ ನಿತ್ಯದ ಪಂಚಾಂಗವೇ ಆಗಿದ್ದವು. ಈಗ ಆ ಕೆಲಸವನ್ನು ಕಿಸೆಯಲ್ಲಿರುವ ದೂರವಾಣಿ ವಹಿಸಿಕೊಳ್ಳುತ್ತಿದೆ. ಗೊತ್ತುಪಡಿಸಿದ ಹೊತ್ತಿಗೆ ತಾನಾಗಿಯೇ ಸಂದೇಶ ಕಳಿಸುವ, ಕೇಳಿದ್ದಕ್ಕೆ ಉತ್ತರಿಸುವ ಚಾಟ್‌ಬಾಟ್ ಎಂಬ ತಂತ್ರಾಂಶವನ್ನು ಇಂದು ಪದವಿ ಕಾಲೇಜಿನ ವಿದ್ಯಾರ್ಥಿಯೂ ಬರೆಯಬಲ್ಲ. ಆದ್ದರಿಂದ ಇಂಥ ಬಾಟ್ ಬೇಕೇ ಬೇಡವೇ ಎಂಬ ಚರ್ಚೆಗೆ ಕಾಲ ಮೀರಿದೆ. ಅದು ಯಾವಾಗ ಮಾತನಾಡಬೇಕು, ಏನು ಹೇಳಬೇಕು, ಅದರ ಗಡಿಯಾರಕ್ಕೆ ಕೀಲಿ ಕೊಡುವವರು ಯಾರು ಎಂಬುದೇ ಈಗಿನ ಪ್ರಶ್ನೆ.

ಒಂದು ನದಿ, ನಾಲ್ಕು ತಾಲ್ಲೂಕು

ಈ ಪ್ರಶ್ನೆಯನ್ನು ಪರೀಕ್ಷಿಸಲು ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಿಗಿಂತ ತಕ್ಕ ನೆಲ ಸಿಗಲಾರದು. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಈ ನಾಲ್ಕೂ ತಾಲ್ಲೂಕುಗಳನ್ನು ಮುಟ್ಟಿ ಪೂರ್ವಕ್ಕೆ ಹರಿಯುತ್ತಾಳೆ. ಮೇಲಿನ ಘಟ್ಟದಲ್ಲಿ ಬಿದ್ದ ಮಳೆಯ ಲೆಕ್ಕ ಕೆಳಗಿನ ಬಯಲಿನಲ್ಲಿ ಚುಕ್ತಾ ಆಗುತ್ತದೆ. ಆದರೆ ನದಿ ಒಂದೇ ಆದರೂ ನೆಲ ಒಂದಲ್ಲ. ಕಿತ್ತೂರಿನ ಪಶ್ಚಿಮದ ಅಂಚು ಮಲೆನಾಡಿನ ಸೆರಗು. ಅಲ್ಲಿ ಭತ್ತವೂ ಬೆಳೆಯುತ್ತದೆ. ರಾಜ್ಯದ ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಬೈಲಹೊಂಗಲ ಉತ್ತರದ ಪರಿವರ್ತನಾ ವಲಯಕ್ಕೆ ಸೇರಿದರೆ, ಸವದತ್ತಿ ಮತ್ತು ರಾಮದುರ್ಗಗಳು ಉತ್ತರದ ಒಣ ವಲಯಕ್ಕೆ ಸೇರುತ್ತವೆ. ಬೈಲಹೊಂಗಲದ ಎರೆ ಹೊಲದಲ್ಲಿ ಸೋಯಾ ಅವರೆ ಮೊಳಕೆಯೊಡೆದ ವಾರವೇ ರಾಮದುರ್ಗದ ರೈತ ಮುಗಿಲು ನೋಡುತ್ತ ಕೂರಿಗೆಯನ್ನು ಗೋಡೆಗೆ ಆನಿಸಿ ಕುಳಿತಿರಬಹುದು. ಹೀಗಿರುವಾಗ ಇಡೀ ಬೆಳಗಾವಿ ಜಿಲ್ಲೆಗೆ ಒಂದೇ ದಿನ, ಒಂದೇ ಮಾತಿನಲ್ಲಿ ಹೋಗುವ ಸಂದೇಶ ಒಬ್ಬನಿಗೆ ತಡವಾಗಿಯೂ ಇನ್ನೊಬ್ಬನಿಗೆ ಅವಸರವಾಗಿಯೂ ತಲುಪುತ್ತದೆ.

ರೈತನಿಗೆ ದೂರವಾಣಿಯ ಮೂಲಕ ಸಲಹೆ ನೀಡುವ ಪ್ರಯತ್ನ ಹೊಸದಲ್ಲ. ಕಿಸಾನ್ ಕಾಲ್ ಸೆಂಟರ್ 2004ರಲ್ಲಿ ಆರಂಭವಾಯಿತು. ಅಲ್ಲಿ ರೈತನೇ ಕರೆ ಮಾಡಿ ಕೇಳಬೇಕಿತ್ತು. 2013ರ ಎಂ-ಕಿಸಾನ್ ವ್ಯವಸ್ಥೆಯಿಂದ ಸಂದೇಶಗಳು ತಾವಾಗಿ ಬರತೊಡಗಿದವು. ಹವಾಮಾನ ಇಲಾಖೆಯ ಕೃಷಿ ಸಲಹಾ ಪತ್ರ ವಾರದಲ್ಲಿ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹೊರಡುತ್ತದೆ. ಮೇಘದೂತ್ ಎಂಬ ಆ್ಯಪ್ 2019ರಲ್ಲಿ ಬಂದಿತು. ಪಿಎಂ-ಕಿಸಾನ್ ಯೋಜನೆಯ ಪ್ರಶ್ನೆಗಳಿಗೆ ಉತ್ತರಿಸುವ ಕಿಸಾನ್ ಇ-ಮಿತ್ರ ಎಂಬ ಬಾಟ್ 2023ರಲ್ಲಿ ಬಂದಿತು. 2025ರ ಮುಂಗಾರಿನಲ್ಲಿ ಯಂತ್ರಬುದ್ಧಿಯ ನೆರವಿನಿಂದ ಸಿದ್ಧಪಡಿಸಿದ ಮಳೆಯ ಮುನ್ಸೂಚನೆಯನ್ನು 13 ರಾಜ್ಯಗಳ ಸುಮಾರು 3.8 ಕೋಟಿ ರೈತರ ದೂರವಾಣಿಗೆ ಕಳಿಸಲಾಯಿತು. ಸಂದೇಶ ಕಳಿಸುವ ಶಕ್ತಿ ಹೀಗೆ ಬೆಳೆಯುತ್ತಿರುವಾಗಲೇ, ಸ್ಥಳೀಯವಾಗಿ ಸಲಹೆ ರೂಪಿಸುತ್ತಿದ್ದ ದೇಶದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರ ಆರಂಭದಲ್ಲಿ ಮುಚ್ಚಲು ಆದೇಶವಾಯಿತು. ಧ್ವನಿವರ್ಧಕ ದೊಡ್ಡದಾಗುತ್ತಿರುವಾಗ ಊರನ್ನು ಬಲ್ಲ ಕಂಠಕ್ಕೆ ಜಾಗ ಕಿರಿದಾಗುವುದು ವಿಚಿತ್ರವಲ್ಲವೇ?

ಬಾಟಿನ ಮೂರು ಖಾತೆಗಳು

ನೆನಪಿನ ಸಂದೇಶ ಕಳಿಸುವ ಬಾಟಿನ ಒಳಗೆ ಮಾಯೆಯೇನೂ ಇಲ್ಲ. ಅದರ ಬಳಿ ಇರುವುದು ಮೂರು ಖಾತೆ ಪುಸ್ತಕಗಳು. ಯಾರಿಗೆ ಕಳಿಸಬೇಕು ಎಂಬುದು ಮೊದಲನೆಯದು. ಏನನ್ನು ಕಳಿಸಬೇಕು ಎಂಬುದು ಎರಡನೆಯದು. ಯಾವಾಗ ಕಳಿಸಬೇಕು ಎಂಬುದು ಮೂರನೆಯದು. ನಿತ್ಯ ಗೊತ್ತಾದ ಹೊತ್ತಿಗೆ ಎಚ್ಚರಗೊಳ್ಳುವ ಒಂದು ಸಣ್ಣ ಆಜ್ಞೆ ಈ ಮೂರನ್ನೂ ತಾಳೆ ನೋಡಿ, ಹೊಂದಿದ ಕಡೆಗೆ ಸಂದೇಶ ರವಾನಿಸುತ್ತದೆ. ಟೆಲಿಗ್ರಾಂ 2015ರಲ್ಲಿಯೇ ಬಾಟ್‌ಗಳಿಗೆ ಬಾಗಿಲು ತೆರೆಯಿತು. ಆದರೆ ಅಲ್ಲಿ ಬಳಕೆದಾರನೇ ಮೊದಲು ಮಾತು ಆರಂಭಿಸಬೇಕು. ವಾಟ್ಸಾಪಿನಲ್ಲಿ ಬಳಕೆದಾರ ಕೊನೆಯ ಸಲ ಬರೆದ 24 ಗಂಟೆಗಳ ನಂತರ ಕಳಿಸುವ ಮಾತು ಮೊದಲೇ ಒಪ್ಪಿಗೆ ಪಡೆದ ನಮೂನೆಯಲ್ಲಿಯೇ ಇರಬೇಕು. ಇನ್ನು ಬಾಟ್ ವಾಸಿಸುವ ದೂರದ ಗಣಕಯಂತ್ರ ಬಹುಪಾಲು ಗ್ರೀನಿಚ್ ಸಮಯವನ್ನು ಪಾಲಿಸುತ್ತದೆ. ಬೆಳಗಿನ 6 ಗಂಟೆ ಎಂದು ಬರೆದು ಮರೆತರೆ ಸವದತ್ತಿಯ ರೈತನಿಗೆ ಸಂದೇಶ ತಲುಪುವುದು 11.30ಕ್ಕೆ, ಅಷ್ಟರಲ್ಲಿ ಆತ ಹೊಲದ ಅರ್ಧ ಕೆಲಸ ಮುಗಿಸಿರುತ್ತಾನೆ.

ಈ ತಪ್ಪುಗಳನ್ನು ತಿದ್ದುವುದು ಸುಲಭ. ಮೂರನೆಯ ಖಾತೆಯಲ್ಲಿ, ಅಂದರೆ ‘ಯಾವಾಗ’ ಎಂಬುದರಲ್ಲಿ, ಆಗುವ ತಪ್ಪು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ತಾರೀಖನ್ನು ನೋಡಿ ‘ಜುಲೈ 15, ಮೇಲುಗೊಬ್ಬರ ಕೊಡಿ’ ಎನ್ನುವ ಬಾಟ್ ನೆಲದ ಪರಿಚಯವಿಲ್ಲದ ಬಾಟ್. ರೈತ ಬಿತ್ತಿದ ದಿನವನ್ನು ಕೇಳಿ ಅಲ್ಲಿಂದ ದಿನ ಎಣಿಸುವುದು ಅದಕ್ಕಿಂತ ಮೇಲು. ಅದೂ ಸಾಲದು. ಬಿತ್ತಿ 30 ದಿನವಾದ ಗೋವಿನಜೋಳಕ್ಕೆ ಯೂರಿಯಾ ಬೇಕೆಂಬುದು ನಿಜ. ಆದರೆ ಹೊಲದಲ್ಲಿ ಹಸಿ ಇಲ್ಲದಿದ್ದರೆ ಅದು ಬೇರಿಗೆ ದಕ್ಕುವುದಿಲ್ಲ. ಮರುದಿನವೇ ಜಡಿಮಳೆಯಾದರೆ ಹಳ್ಳ ಹಿಡಿದು ಮಲಪ್ರಭೆ ಸೇರುತ್ತದೆ. ರೈತನ ಹಣವೂ ಹೋಯಿತು, ನದಿಯ ನೀರೂ ಕೆಟ್ಟಿತು.

ಹಿರಿಯರ ಮಳೆ ನಕ್ಷತ್ರಗಳ ಲೆಕ್ಕ ಈ ವಿಷಯದಲ್ಲಿ ಇಂದಿನ ಅನೇಕ ಬಾಟ್‌ಗಳಿಗಿಂತ ಜಾಣತನದ್ದು. ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ ಎಂಬ ಗಾದೆಯನ್ನೇ ಗಮನಿಸಬಹುದು. ರೋಹಿಣಿ ಬಂದರೆ ಎಂದು ಅದು ಹೇಳುವುದಿಲ್ಲ, ಮಳೆಯಾದರೆ ಎನ್ನುತ್ತದೆ. ಮಿರಗ ಕೂಡಿತೆಂದು ಯಾರೂ ಬೀಜ ಚೆಲ್ಲಲಿಲ್ಲ. ಮಿರಗದ ಮಳೆ ನೆಲವನ್ನು ಹದಗೊಳಿಸಿದ ಮೇಲೆ ಕೂರಿಗೆ ಹೂಡಿದರು. ಹೊತ್ತು ಮತ್ತು ಹದ ಎರಡೂ ಕೂಡಿದಾಗಲೇ ಕೆಲಸ ಎಂಬ ನಿಯಮವನ್ನು ಅವರು ಪಾಲಿಸಿದರು. ಬಾಟಿಗೆ ಕಲಿಸಬೇಕಾದದ್ದೂ ಇದೇ ನಿಯಮವನ್ನು. ‘ಬಿತ್ತಿ 30 ದಿನ ಆತ್ರಿ. ಹಸಿ ಐತೇನ್ರಿ? ಇದ್ರ 1, ಇಲ್ಲಂದ್ರ 2 ಒತ್ತರಿ’ ಎಂದು ಮೊದಲು ಕೇಳಲಿ. ಉತ್ತರ 1 ಆಗಿದ್ದು, ಮುನ್ಸೂಚನೆಯಲ್ಲಿ ಭಾರಿ ಮಳೆ ಇಲ್ಲದಿದ್ದರೆ ಮಾತ್ರ ಗೊಬ್ಬರದ ಮಾತು ಬರಲಿ. ಉತ್ತರ 2 ಆಗಿದ್ದರೆ ಐದು ದಿನ ಬಿಟ್ಟು ಮತ್ತೆ ಕೇಳಲಿ. ಸಾದಾ ದೂರವಾಣಿಗೆ ಹೋಗುವ ಎಸ್ಸೆಮ್ಮೆಸ್ಸಿನಲ್ಲಿ ಕನ್ನಡಕ್ಕೆ ಸಿಗುವುದು 70 ಚಿಹ್ನೆಗಳಷ್ಟೇ ಜಾಗ. ‘ಬೈಲಹೊಂಗಲ’ ಎಂಬ ಐದಕ್ಷರದ ಹೆಸರೇ ಎಂಟು ಚಿಹ್ನೆ ನುಂಗುತ್ತದೆ. ಮೇಲಿನ ಪ್ರಶ್ನೆ ಆ ಜಾಗದೊಳಗೆ ಹಿಡಿಸುತ್ತದೆ. ಊರಿನ ಮಾತು ಚಿಕ್ಕದಾಗಿಯೂ ಇರುತ್ತದೆ, ತಿಳಿಯುವಂತೆಯೂ ಇರುತ್ತದೆ.

ಸಿಂಪಡಿಸಿ ಎನ್ನಬೇಡ, ನೋಡಿ ಬಾ ಎನ್ನು

ಪರಿಸರದ ದೃಷ್ಟಿಯಿಂದ ಅತ್ಯಂತ ಆತಂಕದ ಸಂಗತಿ ಕೀಟನಾಶಕದ್ದು. ಬೆಳೆಗೆ ಇಷ್ಟು ದಿನವಾಯಿತು ಎಂಬ ಕಾರಣಕ್ಕೆ ಔಷಧಿ ಹೊಡೆಯುವ ಪದ್ಧತಿಯನ್ನು ಕೃಷಿ ವಿಜ್ಞಾನ ದಶಕಗಳ ಹಿಂದೆಯೇ ತಿರಸ್ಕರಿಸಿದೆ. ಹುಳುವಿನ ಸಂಖ್ಯೆ ಆರ್ಥಿಕ ನಷ್ಟದ ಮಟ್ಟವನ್ನು ಮುಟ್ಟುವ ತನಕ ವಿಷ ಸಿಂಪಡಿಸಬಾರದೆಂಬ ತತ್ವವನ್ನು ಕ್ಯಾಲಿಫೋರ್ನಿಯಾದ ಕೀಟವಿಜ್ಞಾನಿಗಳು 1959ರಲ್ಲಿಯೇ ಸ್ಪಷ್ಟವಾಗಿ ಮಂಡಿಸಿದರು. ತಾರೀಖು ನೋಡಿ ಹೊಡೆದ ವಿಷ ಮೊದಲು ಕೊಲ್ಲುವುದು ಹುಳುವನ್ನು ತಿನ್ನುವ ಜೇಡ, ಕಣಜ, ಗುಲಗಂಜಿ ಹುಳುಗಳನ್ನು. ಉಳಿದುಕೊಳ್ಳುವುದು ವಿಷಕ್ಕೆ ಬಗ್ಗದ ಪೀಡೆ. ಈಗ ಹೊತ್ತಿಗೆ ಸರಿಯಾಗಿ ಸಂದೇಶ ಕಳಿಸುವ ಬಾಟ್ ಬಂದಿದೆ ಎಂಬ ಒಂದೇ ಕಾರಣಕ್ಕೆ ಆ ಹಳೆಯ ಕೆಟ್ಟ ಪದ್ಧತಿ ಹೊಸ ಅಂಗಿ ತೊಟ್ಟು ಮರಳುವ ಅಪಾಯವಿದೆ. ‘ಬಿತ್ತನೆಯ 25ನೇ ದಿನ, ಮೊದಲ ಸಿಂಪರಣೆ’ ಎಂದು ಬರೆಯಲು ತಂತ್ರಾಂಶಕ್ಕೆ ಕ್ಷಣ ಸಾಕು. ಆ ಬಾಟ್ ಔಷಧಿ ಮಾರುವವರದ್ದೇ ಆಗಿದ್ದರೆ 25ನೇ ದಿನವೂ ಬರುತ್ತದೆ, 40ನೇ ದಿನವೂ ಬರುತ್ತದೆ. ಹೊಡೆಯಬೇಡಿ ಎನ್ನುವ ದಿನ ಮಾತ್ರ ಬರುವುದಿಲ್ಲ.

ಆದ್ದರಿಂದ ನೆನಪಿನ ಸಂದೇಶ ಹೊಲಕ್ಕೆ ಹೋಗಿ ನೋಡುವುದನ್ನು ನೆನಪಿಸಬೇಕು. ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಕರ್ನಾಟಕದ ಶಿವಮೊಗ್ಗದಲ್ಲಿ. ಇಂದು ಗೋವಿನಜೋಳ ಬೆಳೆಯುವವರೆಲ್ಲ ಅದನ್ನು ಬಲ್ಲರು. ಬಿತ್ತಿ ಎರಡು ವಾರವಾದಾಗ ‘ಹೊಲದ ಐದು ಕಡೆ ಹತ್ತು ಹತ್ತು ಗಿಡಗಳ ಸುಳಿ ಬಿಡಿಸಿ ನೋಡಿ, ಎಷ್ಟು ಗಿಡಕ್ಕೆ ಹುಳು ಇದೆ ತಿಳಿಸಿ’ ಎಂದು ಬಾಟ್ ಕೇಳಲಿ. ಹತ್ತಿಗೆ ಗುಲಾಬಿ ಕಾಯಿಕೊರಕದ ವಿಷಯದಲ್ಲಿ ಮೋಹಕ ಬಲೆಯೊಂದಕ್ಕೆ ರಾತ್ರಿಗೆ 8 ಪತಂಗಗಳಂತೆ ಸತತ ಮೂರು ರಾತ್ರಿ ಬಿದ್ದರೆ ಕ್ರಮ ಕೈಗೊಳ್ಳಬೇಕೆಂಬ ಅಳತೆಯಿದೆ. ಮೂರು ಬೆಳಗು ಮೂರು ಅಂಕಿ ಕೇಳಿ ಪಡೆಯುವುದು ಬಾಟಿಗೆ ಹೇಳಿ ಮಾಡಿಸಿದ ಕೆಲಸ. ಹಿಂಗಾರಿ ಕಡಲೆ ಬಿತ್ತಿ ತಿಂಗಳಾದಾಗ ಕುಡಿ ಚಿವುಟುವುದನ್ನು, ಹೂವಾಡುವ ಹೊತ್ತಿಗೆ ಹಕ್ಕಿ ಕೂರಲು ಹೊಲದಲ್ಲಿ ಕವಲುಗೋಲು ನೆಡುವುದನ್ನು ಅದು ನೆನಪಿಸಲಿ. ಇವು ಯಾವ ಅಂಗಡಿಗೂ ಲಾಭ ತರದ ನೆನಪುಗಳು. ಹಾಗಾಗಿಯೇ ಊರಿನವರು ತಾವೇ ಬರೆದುಕೊಳ್ಳಬೇಕಾದವು.

ಇದಕ್ಕೆ ಆಕ್ಷೇಪಣೆ ಇಲ್ಲದಿಲ್ಲ. ರೈತನಿಗೆ ಹುಳು ಎಣಿಸಲು ಪುರುಸೊತ್ತೆಲ್ಲಿ, ಪ್ರಶ್ನೆ ಕೇಳುವ ಬಾಟಿಗಿಂತ ಉತ್ತರ ಹೇಳುವ ಬಾಟೇ ಅವನಿಗೆ ಬೇಕು ಎನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕಲಾಗದು. ದಿನಕ್ಕೆ ಮೂರು ಪ್ರಶ್ನೆ ಕೇಳುವ ಬಾಟನ್ನು ನಾಲ್ಕನೆಯ ದಿನ ಯಾರೂ ತೆರೆದು ನೋಡುವುದಿಲ್ಲ. ವಾರಕ್ಕೊಂದು ಪ್ರಶ್ನೆ, ಒಂದೇ ಅಂಕಿಯ ಉತ್ತರ ಎಂಬ ಮಿತಿ ಇರಲೇಬೇಕು. ಓದು ಬಾರದವರಿಗೆ ಅದೇ ಪ್ರಶ್ನೆ ಧ್ವನಿಯಲ್ಲಿ ಹೋಗಬೇಕು. ಕಳೆ ತೆಗೆಯುವ, ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಹುಳುವನ್ನು ಮೊದಲು ಕಾಣುತ್ತಾರೆ. ಸಂದೇಶ ಮಾತ್ರ ಗಂಡಸಿನ ಕಿಸೆಗೆ ಹೋಗುತ್ತದೆ. ಮನೆಯೊಂದಕ್ಕೆ ಎರಡು ಸಂಖ್ಯೆ ಬರೆದುಕೊಂಡರೆ ಈ ಕೊರತೆ ಅರ್ಧ ನೀಗುತ್ತದೆ. ಒಂದು ಸುತ್ತು ಹೊಲ ನೋಡುವ ಶ್ರಮ ಒಂದು ಸಿಂಪರಣೆಯ ಖರ್ಚನ್ನು ಉಳಿಸಬಲ್ಲದು ಎಂಬುದನ್ನಂತೂ ರೈತನಿಗೆ ಬೇರೆ ಹೇಳಬೇಕಿಲ್ಲ.

ಗಡಿಯಾರ ಎಲ್ಲಿ ಸಾಕು, ಎಲ್ಲಿ ಸಾಲದು

ಬರಿಯ ತಾರೀಖೇ ಸಾಕಾಗುವ ಕೆಲಸಗಳೂ ಇವೆ. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಡುವ ಕಾಲುವೆಗಳಲ್ಲಿ ನೀರಿನ ಪಾಳಿ, ಆರು ತಿಂಗಳಿಗೊಮ್ಮೆ ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆ, ಬೆಳೆ ವಿಮೆಯ ಕಡೆಯ ದಿನ ಇವುಗಳಿಗೆ ಹದದ ಪ್ರಶ್ನೆಯಿಲ್ಲ; ಹಿಂದಿನ ದಿನ ಒಮ್ಮೆ, ಅದೇ ದಿನ ಒಮ್ಮೆ ನೆನಪಿಸಿದರಾಯಿತು. ಆದರೆ ನದಿಯ ವಿಷಯ ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಪಟ್ಟಣವೂ ದಂಡೆಯ ಹಳ್ಳಿಗಳೂ ನೀರಿನಲ್ಲಿ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಬೆಳಿಗ್ಗೆ 6ಕ್ಕೆ ಮಾತ್ರ ಬಾಯಿ ತೆರೆಯುವ ಬಾಟ್ ಮಧ್ಯರಾತ್ರಿ ಬಾಗಿಲು ಎತ್ತಿದ ಸುದ್ದಿಯನ್ನು ಹೇಗೆ ಹೇಳೀತು? ಅಂಥ ಸಂದೇಶ ಗಡಿಯಾರದಿಂದ ಹೊರಡಬಾರದು, ಅಣೆಕಟ್ಟಿನ ಬಾಗಿಲಿನ ದಾಖಲೆಯಿಂದ ಹೊರಡಬೇಕು. ಜೊತೆಗೆ ಡಂಗುರವೂ ಇರಬೇಕು.

ಬಾಟ್ ಬರೆಯಲು ಹೊರಡುವ ವಿದ್ಯಾರ್ಥಿಗಳು ಪಾಲಿಸಬೇಕಾದ ಕೆಲವು ನಿಯಮಗಳಿವೆ. ಕಳಿಸಿದ ಪ್ರತಿ ಸಂದೇಶವನ್ನೂ ದಾಖಲಿಸಬೇಕು. ಇಲ್ಲವಾದರೆ ವಿದ್ಯುತ್ ಹೋಗಿ ಬಂದಾಗ ಬಾಟ್ ಅದೇ ಮಾತನ್ನು ಮತ್ತೆ ಕಳಿಸುತ್ತದೆ, ನಂಬಿದವನು ಎರಡು ಸಲ ಗೊಬ್ಬರ ಹಾಕುತ್ತಾನೆ. ಪ್ರತಿ ಸಂದೇಶಕ್ಕೂ ಒಂದು ಆಯುಷ್ಯ ಇರಬೇಕು. ಮೂರು ದಿನ ತಡವಾದ ಸಲಹೆ ಹೋಗುವುದಕ್ಕಿಂತ ಹೋಗದಿರುವುದೇ ಲೇಸು. ಬೇಡ ಎಂದವರಿಗೆ ಆ ಕ್ಷಣವೇ ನಿಲ್ಲಬೇಕು. ಸಲಹೆಯ ಕೆಳಗೆ ಹೊಣೆ ಹೊರುವ ಮನುಷ್ಯನ ಹೆಸರು, ಸಂಖ್ಯೆ ಇರಬೇಕು. ಯಾರ ಹೊಲದಲ್ಲಿ ಯಾವ ಬೆಳೆ, ಎಷ್ಟು ಹುಳು ಎಂಬ ಲೆಕ್ಕ ಆ ಊರಿನ ಸ್ವತ್ತು. ಅದು ಯಾವ ಕಂಪನಿಯ ಕೈಗೂ ಹೋಗಕೂಡದು. ವ್ಯಕ್ತಿಗತ ಮಾಹಿತಿಯ ರಕ್ಷಣೆಗೆ 2023ರಲ್ಲಿ ದೇಶದಲ್ಲಿ ಕಾಯಿದೆಯೇ ಆಗಿದೆ ಎಂಬುದೂ ನೆನಪಿರಲಿ.

ನಾಲ್ಕು ತಾಲ್ಲೂಕುಗಳಿಗೂ ಒಮ್ಮೆಲೇ ಹಬ್ಬುವ ಆತುರ ಬೇಡ. ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೂಗಳತೆಯಲ್ಲಿದೆ. ತಾಲ್ಲೂಕಿಗೊಂದು ಹಳ್ಳಿ, ಒಂದು ಹಿಂಗಾರು, ಕಡಲೆ ಎಂಬ ಒಂದೇ ಬೆಳೆ, ಇಷ್ಟರಿಂದ ಆರಂಭವಾಗಲಿ. ಸಂದೇಶದ ಮಾತನ್ನು ಊರಿನ ಅನುಭವಿ ರೈತರು ಓದಿ ತಿದ್ದಲಿ, ಅಳತೆಗಳನ್ನು ವಿಜ್ಞಾನಿಗಳು ಪರಿಶೀಲಿಸಲಿ, ತಂತ್ರಾಂಶವನ್ನು ಆ ಊರಿನ ಮಕ್ಕಳೇ ಬರೆಯಲಿ. ರಾಶಿಯಾದ ಮೇಲೆ ಎಲ್ಲರೂ ಚಾವಡಿಯಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಈ ಸಲ ಬಾಟ್ ಎಷ್ಟು ಸಂದೇಶ ಕಳಿಸಿತು ಎಂದಲ್ಲ, ಅದು ಕೇಳಿತೆಂದು ಎಷ್ಟು ಜನ ಹೊಲಕ್ಕೆ ಹೋಗಿ ನೋಡಿದರು, ನೋಡಿದ್ದರಿಂದ ಎಷ್ಟು ಸಿಂಪರಣೆ ಉಳಿಯಿತು ಎಂದು. ಆ ಲೆಕ್ಕ ಚೆನ್ನಾಗಿದ್ದರೆ ಮುಂದಿನ ಮುಂಗಾರಿಗೆ ಇನ್ನೊಂದು ಬೆಳೆ, ಇನ್ನೊಂದು ಹಳ್ಳಿ ತಾನಾಗಿಯೇ ಸೇರಿಕೊಳ್ಳುತ್ತದೆ.